ಸರ್ಫಿಂಗ್ ಕಲಿಸುವ ಕೆಲಸಕ್ಕೆ ಇಳಿಯುವವರಿಗೆ: ಮೂಲ್ಕಿ ಕಡಲ ದಡದಿಂದ ಒಂದು ಮಾರ್ಗದರ್ಶಿ

ಬೆಳಿಗ್ಗೆ ಆರೂವರೆ. ಸಸಿಹಿತ್ಲು ದಡದಲ್ಲಿ ಗಾಳಿ ಇನ್ನೂ ನೆಲದ ಕಡೆಯಿಂದ ಕಡಲಿಗೆ ಬೀಸುತ್ತಿರುತ್ತದೆ. ತೆರೆಯ ಮೈ ನುಣ್ಣಗಿರುತ್ತದೆ. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿನಿಂದ ಬಂದ ಎಂಟು ಜನ ಮರಳಿನ ಮೇಲೆ ಸಾಲಾಗಿ ನಿಂತಿರುತ್ತಾರೆ. ಅವರಲ್ಲಿ ಐದು ಮಂದಿಗೆ ಈಜು ಬರುವುದಿಲ್ಲ, ಇಬ್ಬರಿಗೆ ಸೊಂಟಮಟ್ಟದ ನೀರು ಕಂಡರೇ ಎದೆ ಹೊಡೆದುಕೊಳ್ಳುತ್ತದೆ, ಒಬ್ಬನಿಗೆ ಮಾತ್ರ ಭಯವೇ ಇಲ್ಲ. ಆ ಕೊನೆಯವನ ಮೇಲೆ ಎಲ್ಲರಿಗಿಂತ ಹೆಚ್ಚು ನಿಗಾ ಬೇಕು. ಈ ಎಂಟು ಜನರನ್ನು ಎರಡು ಗಂಟೆ ನೀರಿನಲ್ಲಿ ಆಡಿಸಿ, ಪ್ರತಿಯೊಬ್ಬರನ್ನೂ ಒಮ್ಮೆಯಾದರೂ ಬೋರ್ಡಿನ ಮೇಲೆ ನಿಲ್ಲಿಸಿ, ಎಂಟು ಜನರನ್ನೂ ಹಾಗೆಯೇ ದಡಕ್ಕೆ ತರುವುದು ಸರ್ಫ್ ಇನ್‌ಸ್ಟ್ರಕ್ಟರುಗಳ ಕೆಲಸ.

“ಅಣ್ಣಾ, ನಾನು ಒಳ್ಳೇ ಸರ್ಫ್ ಮಾಡ್ತೇನೆ, ಕ್ಯಾಂಪಿನಲ್ಲಿ ಕೆಲಸ ಸಿಗ್ತದಾ?” ಎಂದು ಕೇಳಿಕೊಂಡು ಪ್ರತಿ ವರ್ಷ ಹುಡುಗ ಹುಡುಗಿಯರು ಬರುತ್ತಾರೆ. ಅವರಿಗೆ ಹೇಳುತ್ತ ಬಂದದ್ದನ್ನೇ ಇಲ್ಲಿ ಒಂದು ಕ್ರಮದಲ್ಲಿ ಬರೆದಿದ್ದೇನೆ. ಸರ್ಫಿಂಗ್ ಚೆನ್ನಾಗಿ ಬರುವುದು ಈ ಕೆಲಸದ ಕಾಲು ಭಾಗ. ಉಳಿದ ಮುಕ್ಕಾಲು ಭಾಗ ಕಣ್ಣಿನದು: ಕಡಲನ್ನು ನೋಡುವ ಕಣ್ಣು, ಹೆದರಿದವರ ಮುಖ ನೋಡುವ ಕಣ್ಣು, ತಲೆ ಎಣಿಸುವ ಕಣ್ಣು. ಆ ಕಣ್ಣನ್ನು ಬೆಳೆಸಿಕೊಳ್ಳಬಹುದು, ಆದರೆ ಒಂದು ವಾರದಲ್ಲಿ ಆಗುವುದಿಲ್ಲ.

ಈ ಕೆಲಸ ನಮ್ಮ ಕರಾವಳಿಗೆ ತೀರಾ ಹೊಸದೇನಲ್ಲ. ಸರ್ಫಿಂಗ್ ಸ್ವಾಮಿ ಎಂದೇ ಹೆಸರಾದ, ಅಮೆರಿಕ ಮೂಲದ ಜ್ಯಾಕ್ ಹೆಬ್ನರ್ ಮೂಲ್ಕಿಯ ಶಾಂಭವಿ ನದಿಯ ದಡದ ಆಶ್ರಮದಲ್ಲಿ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಕಟ್ಟಿದರು. 2016ರ ಮೇ ತಿಂಗಳಲ್ಲಿ ಸಸಿಹಿತ್ಲಿನಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆದಾಗ ಊರಿಗೆ ಊರೇ ದಡದಲ್ಲಿ ನಿಂತಿತ್ತು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸರ್ಫಿಂಗ್ ಸೇರಿದ ಮೇಲಂತೂ ಕಲಿಯಲು ಬರುವವರು ಹೆಚ್ಚಿದ್ದಾರೆ, ಕಲಿಸುವವರೂ ಬೇಕಾಗಿದ್ದಾರೆ.

ಮೊದಲ ಆರು ತಿಂಗಳು: ಈಜು

ಊರಿನ ಕೆರೆಯಲ್ಲಿ, ಬಾವಿಯಲ್ಲಿ ಈಜು ಕಲಿತವರಿಗೆ ನೀರಿನ ಭಯ ಇರುವುದಿಲ್ಲ, ಅದು ದೊಡ್ಡ ಆಸ್ತಿ. ಆದರೆ ಬಾವಿಯ ನೀರು ನಿಮ್ಮನ್ನು ಎಳೆದುಕೊಂಡು ಹೋಗುವುದಿಲ್ಲ. ಕಡಲಿನಲ್ಲಿ ಇನ್ನೊಬ್ಬರನ್ನು ಹಿಡಿದುಕೊಂಡು, ಮುಖಕ್ಕೆ ನೊರೆ ಬಡಿಯುತ್ತಿರುವಾಗ ಈಜಬೇಕು. ನಾನು ಹೇಳುವ ಅಳತೆ ಇದು: ಈಜುಕೊಳದಲ್ಲಿ 400 ಮೀಟರ್ ಎಲ್ಲೂ ನಿಲ್ಲದೆ 10 ನಿಮಿಷದೊಳಗೆ ಮುಗಿಯಬೇಕು, ಮುಗಿದ ಕೂಡಲೇ ಮಾತಾಡುವಷ್ಟು ಉಸಿರು ಉಳಿದಿರಬೇಕು. ಗೆಳೆಯನೊಬ್ಬನನ್ನು ಮಲಗಿಸಿಕೊಂಡು 50 ಮೀಟರ್ ಎಳೆಯಲು ಬರಬೇಕು. ಕಾಲು ನೆಲಕ್ಕೆ ತಾಗದ ನೀರಿನಲ್ಲಿ ಹತ್ತು ನಿಮಿಷ ನಿಂತಲ್ಲೇ ತೇಲಬೇಕು. ಇದು ಯಾವ ಸಂಸ್ಥೆಯ ನಿಯಮವೂ ಅಲ್ಲ, ನನ್ನ ಅನುಭವದ ಲೆಕ್ಕ. ಪರೀಕ್ಷೆಗಳ ಅಳತೆ ಬೇರೆ ಬೇರೆ ಇರುತ್ತದೆ, ಇಷ್ಟು ಬಂದರೆ ಯಾವುದಕ್ಕೂ ಹೆದರಬೇಕಿಲ್ಲ.

ಒಂದು ಎಚ್ಚರಿಕೆ. ಉಸಿರು ಬಿಗಿಹಿಡಿದು ನೀರಿನಡಿ ಈಜುವ ಅಭ್ಯಾಸವನ್ನು ಒಬ್ಬರೇ ಮಾಡಬೇಡಿ. ಯಾವ ಮುನ್ಸೂಚನೆಯೂ ಇಲ್ಲದೆ ನೀರಿನಲ್ಲೇ ಪ್ರಜ್ಞೆ ತಪ್ಪುತ್ತದೆ, ಒಳ್ಳೆಯ ಈಜುಗಾರರಿಗೂ ತಪ್ಪುತ್ತದೆ.

ನಿಮ್ಮ ಸರ್ಫಿಂಗ್ ಎಷ್ಟಿರಬೇಕು ಎಂದು ಕೇಳಿದರೆ: ಯಾರ ಸಹಾಯವೂ ಇಲ್ಲದೆ ನೊರೆ ದಾಟಿ ಹೊರಗೆ ಹೋಗಬೇಕು, ಇನ್ನೂ ಒಡೆಯದ ತೆರೆಯನ್ನು ನೀವೇ ಆರಿಸಿ ಹಿಡಿಯಬೇಕು, ಎಡಕ್ಕೂ ಬಲಕ್ಕೂ ತಿರುಗಬೇಕು, ಎಂಥ ಗಡಿಬಿಡಿಯಲ್ಲೂ ಬೋರ್ಡನ್ನು ಕೈಬಿಡಬಾರದು. ಗಾಳಿಯಲ್ಲಿ ಹಾರುವ ಕಸರತ್ತು ಬೇಕಿಲ್ಲ. ಕಲಿಯುವವರ ಮುಂದೆ ಅದನ್ನು ಮಾಡಿ ತೋರಿಸುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಕಲಿಯುವವರು ಬಂದಿರುವುದು ತಾವು ನಿಲ್ಲಲಿಕ್ಕೆ, ನಿಮ್ಮನ್ನು ನೋಡಲಿಕ್ಕೆ ಅಲ್ಲ.

ಎಲ್ಲಿ, ಯಾವಾಗ ಸೇರಬೇಕು

ನಮ್ಮ ಪಶ್ಚಿಮ ಕರಾವಳಿಯಲ್ಲಿ ಕಲಿಕೆಯ ಕಾಲ ಅಕ್ಟೋಬರಿನಿಂದ ಮೇವರೆಗೆ. ಜೂನ್‌ನಿಂದ ಸೆಪ್ಟೆಂಬರ್ ನಡುವಿನ ಮಳೆಗಾಲದ ಕಡಲು ಹೊಸಬರ ಪಾಲಿನದ್ದಲ್ಲ. ಕಡಲಿನ ಮುಖ ನೋಡಿ ಅನುಭವಿ ಮೀನುಗಾರರೇ ದೋಣಿ ಇಳಿಸದ ದಿನಗಳವು. ತರಬೇತಿಗೆ ಸೇರುವವರು ಅಕ್ಟೋಬರಿನಲ್ಲಿ ಸೇರುವುದು ಒಳ್ಳೆಯದು, ಎಂಟು ತಿಂಗಳು ಪೂರ್ತಿ ಸಿಗುತ್ತದೆ. ಮೂಲ್ಕಿ, ಸಸಿಹಿತ್ಲು ಅಲ್ಲದೆ ಉಡುಪಿ ಬಳಿಯ ಕೋಡಿ ಬೆಂಗ್ರೆಯಲ್ಲಿ ಶಾಲೆಗಳಿವೆ. ಕೇರಳದ ವರ್ಕಲ, ಚೆನ್ನೈ ಹತ್ತಿರದ ಕೋವಳಂ, ಮಹಾಬಲಿಪುರದಲ್ಲೂ ಇವೆ. ಶ್ರೀಲಂಕಾದ ಲೆಕ್ಕ ಸ್ವಾರಸ್ಯಕರ: ನೈಋತ್ಯದ ವೆಲಿಗಾಮದಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ಕಡಲು ಸೌಮ್ಯ, ಪೂರ್ವದ ಆರುಗಾಮ್ ಬೇಯಲ್ಲಿ ಮೇಯಿಂದ ಅಕ್ಟೋಬರ್‌ವರೆಗೆ ತೆರೆ ಚೆನ್ನ. ಹೀಗಾಗಿ ಅಲ್ಲಿನ ಇನ್‌ಸ್ಟ್ರಕ್ಟರುಗಳು ಗಂಟುಮೂಟೆ ಕಟ್ಟಿಕೊಂಡು ಕಾಲಕ್ಕೆ ತಕ್ಕಂತೆ ದಡ ಬದಲಿಸುತ್ತಾರೆ.

ಯಾವ ಕ್ಯಾಂಪಿಗೂ ಹಣ ಕಟ್ಟುವ ಮೊದಲು ಒಂದು ಬೆಳಿಗ್ಗೆ ಅವರ ಪಾಠವನ್ನು ದೂರ ಕೂತು ನೋಡಿ. ಒಬ್ಬ ಇನ್‌ಸ್ಟ್ರಕ್ಟರ್‌ಗೆ ಎಷ್ಟು ಜನರನ್ನು ಕೊಡುತ್ತಾರೆ? ಎಂಟಕ್ಕಿಂತ ಹೆಚ್ಚಾದರೆ ಎದ್ದು ಬನ್ನಿ. ಈಜು ಬಾರದವರೇ ಹೆಚ್ಚಿರುವಾಗ ನಾಲ್ಕೈದಕ್ಕೆ ಇಳಿಸುತ್ತಾರೆಯೇ? ರಕ್ಷಣೆಗೆಂದೇ ಒಂದು ದೊಡ್ಡ ಬೋರ್ಡ್ ದಡದಲ್ಲಿ ಸಿದ್ಧವಾಗಿದೆಯೇ, ಅಥವಾ ಅದನ್ನೂ ಬಾಡಿಗೆಗೆ ಕೊಟ್ಟುಬಿಟ್ಟಿದ್ದಾರೆಯೇ? ಪಾಠದ ಮಧ್ಯೆ ಇನ್‌ಸ್ಟ್ರಕ್ಟರ್ ಮೊಬೈಲ್ ಹಿಡಿದು ವಿಡಿಯೊ ತೆಗೆಯುತ್ತ ನಿಂತಿದ್ದಾನೆಯೇ? ಅರ್ಧ ಗಂಟೆಯಲ್ಲಿ ಎಲ್ಲ ಗೊತ್ತಾಗುತ್ತದೆ.

ಕಡಲು ಓದುವುದು

ಕ್ಯಾಂಪಿಗೆ ಸೇರಿದ ಮೇಲೆ ಮೊದಲ ತಿಂಗಳು ನಿಮಗೆ ಬೋರ್ಡ್ ಹೊರುವ, ಲೈಕ್ರಾ (ನೀರಿಗಿಳಿಯುವಾಗ ತೊಡುವ ಮೈಗಂಟುವ ಅಂಗಿ) ಒಣಗಿಸುವ ಕೆಲಸವೇ ಸಿಗಬಹುದು. ಅದಕ್ಕೆ ಮುಖ ಸಣ್ಣ ಮಾಡಬೇಡಿ. ಆ ತಿಂಗಳಲ್ಲಿ ಕಡಲು ಓದುವುದನ್ನು ಕಲಿಯಿರಿ. ಇಡೀ ತರಬೇತಿಯಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡುವುದು ಇದಕ್ಕೆ.

ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ದಿನಾ ಬೆಳಿಗ್ಗೆ ನೀರಿಗೆ ಇಳಿಯುವ ಮೊದಲು ಇಪ್ಪತ್ತು ನಿಮಿಷ ಮರಳಿನ ಮೇಲೆ ಕೂತು ಬರೆಯಿರಿ. ಇವತ್ತು ಉಬ್ಬರ ಎಷ್ಟು ಹೊತ್ತಿಗೆ, ಇಳಿತ ಎಷ್ಟು ಹೊತ್ತಿಗೆ? ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ, ಹಾಗಾಗಿ ಹೊತ್ತು ದಿನಾ ಐವತ್ತು ನಿಮಿಷದಷ್ಟು ತಡವಾಗುತ್ತ ಹೋಗುತ್ತದೆ. ಗಾಳಿ ಯಾವ ಕಡೆಯಿಂದ? ತೆರೆಗಳ ನಡುವಿನ ಅಂತರ ಎಷ್ಟು ಸೆಕೆಂಡ್? ಅಂತರ ಅಳೆಯಲು ಒಂದು ತೆರೆ ಒಡೆದಾಗ ಗಡಿಯಾರ ನೋಡಿ, ಅಲ್ಲಿಂದ ಹತ್ತು ತೆರೆ ಎಣಿಸಿ, ಬಂದ ಹೊತ್ತನ್ನು ಹತ್ತರಿಂದ ಭಾಗಿಸಿ.

ಈ ಅಂತರದಲ್ಲಿ ಬಹಳ ವಿಷಯ ಅಡಗಿದೆ. ಆರೇಳು ಸೆಕೆಂಡಿನ ತೆರೆ ಹತ್ತಿರದ ಗಾಳಿ ಎಬ್ಬಿಸಿದ್ದು, ಅದಕ್ಕೆ ಸದ್ದು ಜಾಸ್ತಿ, ಬಲ ಕಡಿಮೆ. ಹದಿನಾಲ್ಕು ಸೆಕೆಂಡಿನ ತೆರೆ ದೂರದಿಂದ ಬಂದದ್ದು. ಮುಂಗಾರಿಗೆ ಮೊದಲು, ಏಪ್ರಿಲ್, ಮೇ ತಿಂಗಳಲ್ಲಿ, ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ ಎದ್ದ ಬಿರುಗಾಳಿಯ ಅಲೆಗಳು 5,000 ಕಿಲೋಮೀಟರಿಗೂ ಹೆಚ್ಚು ದೂರ ಸಾಗಿ, ಐದಾರು ದಿನಗಳ ನಂತರ ನಮ್ಮ ದಡ ಮುಟ್ಟುತ್ತವೆ. ಇಲ್ಲಿ ಎಲೆ ಅಲುಗದಷ್ಟು ಗಾಳಿಯಿಲ್ಲ, ಆಕಾಶ ತಿಳಿಯಾಗಿದೆ, ಕಡಲು ಮಾತ್ರ ಇದ್ದಕ್ಕಿದ್ದಂತೆ ಉಕ್ಕುತ್ತದೆ. ಕೇರಳದ ಮೀನುಗಾರರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ, ಕಳ್ಳನಂತೆ ಬರುವ ಕಡಲು. ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಸರ್ಕಾರಿ ಸಂಸ್ಥೆ ಇನ್‌ಕಾಯ್ಸ್ ಕರಾವಳಿಗೆ ಕೊಡುವ ಎಚ್ಚರಿಕೆಗಳನ್ನು ದಿನಾ ನೋಡುವ ಅಭ್ಯಾಸ ಮಾಡಿಕೊಳ್ಳಿ. ಎಚ್ಚರಿಕೆ ಇದ್ದ ದಿನ ಪಾಠ ರದ್ದು ಮಾಡಿ, ಅವತ್ತಿನ ಹಣ ವಾಪಸು ಕೊಡಬೇಕಾಗಿ ಬಂದರೂ ಸರಿಯೇ.

ಇನ್ನು ಸೆಳೆತ. ದಡಕ್ಕೆ ಬಂದು ಬಿದ್ದ ನೀರು ಹಿಂದೆ ಹೋಗಲೇಬೇಕು. ಎರಡು ಮರಳ ದಿಬ್ಬಗಳ ನಡುವೆ ಆಳವಾದ ಕಾಲುವೆಯಂತಿರುವ ಕಡೆ ಅದು ಒಟ್ಟಾಗಿ, ಹೊಳೆಯಂತೆ ಹೊರಗೆ ಹರಿಯುತ್ತದೆ. ಅದರ ಗುರುತು: ಎರಡೂ ಬದಿಯಲ್ಲಿ ತೆರೆ ಒಡೆಯುತ್ತಿರುತ್ತದೆ, ನಡುವಿನಲ್ಲಿ ಒಡೆಯುವುದಿಲ್ಲ. ನೀರಿನ ಬಣ್ಣ ಕಪ್ಪಾಗಿಯೋ ಕದಡಿದ ಮರಳಿನಂತೆಯೋ ಕಾಣುತ್ತದೆ. ನೊರೆಯ ಚೂರುಗಳು ದಡ ಬಿಟ್ಟು ಆಚೆಗೆ ತೇಲಿಹೋಗುತ್ತಿರುತ್ತವೆ. ಗೊತ್ತಿಲ್ಲದವರ ಕಣ್ಣಿಗೆ ಇಡೀ ದಡದಲ್ಲಿ ಅದೇ ಶಾಂತವಾದ ಜಾಗ, ಮಕ್ಕಳನ್ನು ಕರೆದುಕೊಂಡು ಬಂದವರು ಸೀದಾ ಅಲ್ಲಿಗೇ ಇಳಿಯುತ್ತಾರೆ. ಅದರ ವೇಗ ಕೆಲವೊಮ್ಮೆ ಸೆಕೆಂಡಿಗೆ 2 ಮೀಟರ್ ದಾಟುತ್ತದೆ. ಜಗತ್ತಿನ ಅತಿ ವೇಗದ ಈಜುಗಾರರು 100 ಮೀಟರ್ ಈಜುವ ವೇಗವೂ ಹೆಚ್ಚುಕಡಿಮೆ ಅಷ್ಟೇ. ಅದರ ಎದುರು ಈಜಿ ಗೆದ್ದವರಿಲ್ಲ. ಬೋರ್ಡ್ ಬಿಡದೆ ಹಿಡಿದುಕೊಳ್ಳಬೇಕು, ಕೈ ಎತ್ತಿ ಬೀಸಬೇಕು, ಆಗುವುದಾದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು ನೊರೆ ಒಡೆಯುವಲ್ಲಿಂದ ಒಳಗೆ ಬರಬೇಕು. ಇದನ್ನು ಪ್ರತಿ ಪಾಠದ ಮೊದಲೂ ಹೇಳಿ, ನಿನ್ನೆ ಬಂದವರೇ ಇವತ್ತೂ ಬಂದಿದ್ದರೂ ಹೇಳಿ.

ಅಳಿವೆಯ ಬಳಿ ಇನ್ನೂ ಜಾಗ್ರತೆ ಬೇಕು. ಸಸಿಹಿತ್ಲಿನಲ್ಲಿ ನಂದಿನಿ, ಶಾಂಭವಿ ನದಿಗಳು ಕಡಲು ಸೇರುತ್ತವೆ. ಇಳಿತದ ಹೊತ್ತಿನಲ್ಲಿ ನದಿಯ ನೀರೂ ಉಬ್ಬರದಲ್ಲಿ ಒಳಬಂದ ನೀರೂ ಒಟ್ಟಿಗೆ ಹೊರಗೆ ನುಗ್ಗುತ್ತವೆ. ಮಳೆಗಾಲ ಮುಗಿಯುವಷ್ಟರಲ್ಲಿ ಮರಳ ದಿಬ್ಬಗಳೆಲ್ಲ ಜಾಗ ಬದಲಿಸಿರುತ್ತವೆ, ಕಳೆದ ಮೇ ತಿಂಗಳಲ್ಲಿ ಸೊಂಟಮಟ್ಟವಿದ್ದ ಜಾಗ ಈಗ ತಲೆ ಮುಳುಗುವಷ್ಟಾಗಿರುತ್ತದೆ. ಪ್ರತಿ ಅಕ್ಟೋಬರಿನಲ್ಲಿ ನಾವು ಇನ್‌ಸ್ಟ್ರಕ್ಟರುಗಳು ಮೊದಲ ವಾರ ಪಾಠ ಮಾಡದೆ, ನಡೆದು, ಮುಳುಗಿ, ತಳ ತಡವಿ ನೋಡುತ್ತೇವೆ.

ದಡದ ಮೀನುಗಾರರ ಜೊತೆ ಸ್ನೇಹ ಬೆಳೆಸಿ. ಮೊಗವೀರ ಹಿರಿಯರು ತೆರೆ ನೋಡಿ ಹೇಳುವ ಮಾತು ಯಾವ ಆ್ಯಪ್‌ಗೂ ಕಡಿಮೆಯಿಲ್ಲ. ಅವರು ದಡದಲ್ಲಿ ನಿಂತು ಕೈರಂಪಣಿ ಬಲೆ ಎಳೆಯುವಾಗ ಆ ಜಾಗದಲ್ಲಿ ಪಾಠ ಬೇಡವೇ ಬೇಡ. ಅದು ಅವರ ಅನ್ನ. ಬಲೆಗೆ ಸಿಕ್ಕಿಕೊಂಡ ಲೀಶ್‌ನಿಂದ, ಅಂದರೆ ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗದಿಂದ, ನಿಮ್ಮ ವಿದ್ಯಾರ್ಥಿಗೂ ಅಪಾಯ.

ಪ್ರಮಾಣಪತ್ರ

ಹೊರಗಿನ ದೇಶಗಳ ಕ್ಯಾಂಪುಗಳೂ ಒಪ್ಪುವ ಪತ್ರ ಬೇಕೆಂದರೆ ಇಂಟರ್‌ನ್ಯಾಷನಲ್ ಸರ್ಫಿಂಗ್ ಅಸೋಸಿಯೇಶನ್‌ನ ಲೆವೆಲ್ 1 ಇನ್‌ಸ್ಟ್ರಕ್ಟರ್ ಕೋರ್ಸ್ ನೋಡಿ. 1964ರಲ್ಲಿ ಹುಟ್ಟಿದ ಐಎಸ್‌ಎ, ಒಲಿಂಪಿಕ್ ಸಮಿತಿ ಮಾನ್ಯ ಮಾಡಿರುವ ಸಂಸ್ಥೆ. ನಮ್ಮ ದೇಶದಲ್ಲಿ ಸರ್ಫಿಂಗ್ ಫೆಡರೇಶನ್ ಆಫ್ ಇಂಡಿಯಾ ಇದರ ಸದಸ್ಯ, ಕೋರ್ಸ್ ಯಾವಾಗ ಎಲ್ಲಿ ಎಂದು ಅಲ್ಲಿ ವಿಚಾರಿಸಿ.

ಬಹಳ ಜನ ತಪ್ಪು ತಿಳಿಯುವುದು ಇಲ್ಲಿ. ತರಗತಿ ಒಂದೆರಡು ದಿನಗಳಲ್ಲಿ ಮುಗಿಯುತ್ತದೆ, ಆದರೆ ಅದಕ್ಕೇ ಮಾನ್ಯತೆ ಸಿಗುವುದಿಲ್ಲ. ನೀರಿನಲ್ಲಿ ಜೀವ ಉಳಿಸುವ ತರಬೇತಿಯ ಪ್ರತ್ಯೇಕ ಪತ್ರ ಇರಬೇಕು, ಜೊತೆಗೆ ಅನುಭವಿ ಇನ್‌ಸ್ಟ್ರಕ್ಟರ್ ಕೈಕೆಳಗೆ 20 ಗಂಟೆ ಪಾಠ ಮಾಡಿದ ದಾಖಲೆ ಬೇಕು. ಸೀಸನ್ ಶುರುವಾಗುವ ಮೊದಲೇ ಜೀವರಕ್ಷಣೆಯ ಪತ್ರ ಪಡೆದುಕೊಂಡರೆ ಉಳಿದದ್ದು ಸುಸೂತ್ರ. ನನ್ನ ಅಭಿಪ್ರಾಯದಲ್ಲಿ 20 ಗಂಟೆ ಏನೇನೂ ಸಾಲದು. ಒಂದಿಡೀ ಸೀಸನ್ ಸಹಾಯಕರಾಗಿ ನಿಂತವರನ್ನು ಮಾತ್ರ ನಾನು ಒಬ್ಬರೇ ಪಾಠಕ್ಕೆ ಬಿಡುತ್ತೇನೆ.

ಮರಳಿನ ಮೇಲಿನ ಅರ್ಧ ಗಂಟೆ

ಬಂದವರಿಗೆ ನೀರಿಗೆ ಇಳಿಯುವ ಆತುರ. ಅವರನ್ನು ಮರಳಿನ ಮೇಲೆ ಅರ್ಧ ಗಂಟೆ ಹಿಡಿದಿಡುವುದೇ ಒಂದು ಕಲೆ. ಮೊದಲು ಹೆಸರು ಕೇಳಿ, ನೆನಪಿಟ್ಟುಕೊಳ್ಳಿ. ಈಜು ಬರುತ್ತದೆಯೇ, ಭುಜ ಕಳಚಿದ್ದುಂಟೇ, ಮೂರ್ಛೆ, ಉಬ್ಬಸ, ಹೃದಯದ ತೊಂದರೆ, ಗರ್ಭಿಣಿಯೇ ಎಂದು ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಕೇಳಿ. ಹತ್ತು ಜನರ ಮುಂದೆ ಕೇಳಿದರೆ ಎಲ್ಲರೂ “ಏನೂ ಇಲ್ಲ” ಎಂದೇ ಹೇಳುತ್ತಾರೆ. ಚೂಡಿದಾರ್, ಜೀನ್ಸ್ ಹಾಕಿಕೊಂಡು ಬಂದವರಿಗೆ ಒದ್ದೆಯಾದರೆ ಅದು ಎಷ್ಟು ಭಾರವಾಗುತ್ತದೆಂದು ವಿವರಿಸಿ, ಮೈತುಂಬ ಮುಚ್ಚುವ ಲೈಕ್ರಾ ಕೊಡಿ. ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲು ಮರೆಯಾದ ಜಾಗ ಇಲ್ಲದ ಕ್ಯಾಂಪ್ ಒಳ್ಳೆಯ ಕ್ಯಾಂಪ್ ಅಲ್ಲ.

ಆಮೇಲೆ ಬೋರ್ಡ್. ಹೊಸಬರಿಗೆ ಎಂಟು, ಒಂಬತ್ತು ಅಡಿಯ ಮೆತ್ತನೆಯ ಬೋರ್ಡ್. ಯಾವ ಕಾಲು ಹಿಂದೆ ಎಂದು ತಿಳಿಯಲು ನೆಲದ ಮೇಲೆ ಜಾರುವಂತೆ ಓಡಿಬರಲು ಹೇಳಿ, ತಾನಾಗಿ ಯಾವ ಕಾಲು ಮುಂದಿಡುತ್ತಾರೋ ಅದೇ ಮುಂದಿನ ಕಾಲು. ಲೀಶ್ ಕಟ್ಟುವುದು ಹಿಂದಿನ ಕಾಲಿಗೆ. ತೆರೆಗೂ ತಮಗೂ ನಡುವೆ ಬೋರ್ಡ್ ಅಡ್ಡಲಾಗಿ ಬರಬಾರದು ಎಂಬುದನ್ನು ನೀವೇ ಬೋರ್ಡ್ ಹಿಡಿದು ಮಾಡಿ ತೋರಿಸಿ. ನಾನು ನೋಡಿದ ಗಾಯಗಳಲ್ಲಿ ಹೆಚ್ಚಿನವು ಬೋರ್ಡಿನಿಂದಲೇ ಆದವು.

ಏಳುವುದನ್ನು ಕಲಿಸುವ ಮೊದಲು ಬೀಳುವುದನ್ನು ಕಲಿಸಿ. ತಲೆ ಮುಂದಾಗಿ ಧುಮುಕಬಾರದು, ನೀರಿನಡಿ ಒಂದೇ ಅಡಿಗೆ ಮರಳಿರಬಹುದು. ಪಕ್ಕಕ್ಕೋ ಹಿಂದಕ್ಕೋ ಚಪ್ಪಟೆಯಾಗಿ, ಹಾಸಿಗೆಯ ಮೇಲೆ ಬೀಳುವ ಹಾಗೆ ಬೀಳಬೇಕು. ಮೇಲೆ ಬರುವಾಗ ಎರಡೂ ಕೈ ತಲೆಯ ಮೇಲೆ. ಪ್ರತಿಯೊಬ್ಬರೂ ಮರಳಿನ ಮೇಲೆ ಮೂರು ಸಲ ಬಿದ್ದು ತೋರಿಸಲಿ. ಅಷ್ಟರಲ್ಲಿ ಎಲ್ಲರೂ ನಗುತ್ತಿರುತ್ತಾರೆ, ಅರ್ಧ ಭಯ ಅಲ್ಲೇ ಇಳಿದಿರುತ್ತದೆ.

ಕಡಲ ಸದ್ದಿನಲ್ಲಿ ಉದ್ದ ವಾಕ್ಯ ಕೇಳಿಸುವುದಿಲ್ಲ. ನಾನು ಮೂರೇ ಮಾತು ಇಟ್ಟುಕೊಂಡಿದ್ದೇನೆ: “ಬೀಸಿ!” ಎಂದರೆ ಕೈ ಬೀಸಿ ಮುಂದೆ ಸಾಗುವುದು, “ಒತ್ತಿ!” ಎಂದರೆ ಅಂಗೈ ಎದೆಯ ಪಕ್ಕ ಊರಿ ಮೈ ಎತ್ತುವುದು, “ಏಳಿ!” ಎಂದರೆ ನಿಲ್ಲುವುದು. ಹಿಂದಿ, ಇಂಗ್ಲಿಷ್ ಮಾತಾಡುವವರೂ ಹತ್ತು ನಿಮಿಷದಲ್ಲಿ ಈ ಮೂರನ್ನು ಕಲಿತುಬಿಡುತ್ತಾರೆ. ಕೈಸನ್ನೆಗಳನ್ನೂ ಮರಳಿನ ಮೇಲೆಯೇ ಅಭ್ಯಾಸ ಮಾಡಿಸಿ. ಒಂದು ಕೈ ತಲೆಯ ಮೇಲೆ ಅತ್ತಿತ್ತ ಬೀಸಿದರೆ ಸಹಾಯ ಬೇಕು ಎಂದರ್ಥ, ಇದು ಎಲ್ಲ ಕಡಲಲ್ಲೂ ನಡೆಯುತ್ತದೆ. ಉಳಿದ ಸನ್ನೆಗಳು ನಿಮ್ಮ ಕ್ಯಾಂಪಿನಲ್ಲಿ ಹೇಗಿವೆಯೋ ಹಾಗೆ.

ನೂಕುವ ಕ್ಷಣ

ಸೊಂಟಮಟ್ಟದ ನೀರಿನಲ್ಲಿ ಬೋರ್ಡಿನ ಬಾಲದ ಪಕ್ಕ ನೀವು ನಿಂತಿದ್ದೀರಿ. ವಿದ್ಯಾರ್ಥಿ ಬೋರ್ಡಿನ ಮೇಲೆ ಬೋರಲು ಮಲಗಿದ್ದಾರೆ, ಮುಖ ದಡದ ಕಡೆಗೆ, ಬೆರಳು ಬಿಳುಚುವಷ್ಟು ಬಿಗಿಯಾಗಿ ಅಂಚು ಹಿಡಿದಿದ್ದಾರೆ. ಮೊದಲು ಬೋರ್ಡಿನ ಮೂಗು ನೋಡಿ. ಅದು ನೀರಿನಿಂದ ಎರಡು ಬೆರಳು ಮೇಲಿರಬೇಕು. ಮುಳುಗಿದ್ದರೆ ಅವರನ್ನು ಪಾದ ಹಿಡಿದು ಸ್ವಲ್ಪ ಹಿಂದಕ್ಕೆ ಎಳೆಯಿರಿ, ಇಲ್ಲದಿದ್ದರೆ ಮೂಗು ನೀರಿಗೆ ಚುಚ್ಚಿ ಮೇಲಿದ್ದವರು ಪಲ್ಟಿ ಹೊಡೆಯುತ್ತಾರೆ. ಬಹಳ ಮೇಲೆದ್ದಿದ್ದರೆ ಮುಂದಕ್ಕೆ ಸರಿಸಿ, ಇಲ್ಲದಿದ್ದರೆ ತೆರೆ ಅವರನ್ನು ಬಿಟ್ಟು ಮುಂದೆ ಹೋಗುತ್ತದೆ.

ಈಗ ಹಿಂದೆ ನೋಡಿ. ಬರುವ ಪ್ರತಿ ತೆರೆಗೂ ನೂಕಬೇಡಿ. ಎರಡನ್ನು ಬಿಡಿ. ಆ ಹೊತ್ತಿನಲ್ಲಿ ಅವರ ಹೆಸರು ಹಿಡಿದು ಮಾತಾಡಿಸಿ: “ಕಾವ್ಯಾ, ದಡದಲ್ಲಿ ಆ ತೆಂಗಿನ ಮರ ಕಾಣ್ತದಲ್ಲ, ಅದನ್ನೇ ನೋಡಿ, ಕೆಳಗೆ ನೋಡ್ಬೇಡಿ.” ಕೆಳಗೆ ನೋಡಿದವರು ಕೆಳಗೇ ಬೀಳುತ್ತಾರೆ. ಸಮನಾಗಿ ಒಡೆದು ಬರುವ ನೊರೆ ನಿಮ್ಮಿಂದ ಮೂರು ಮೀಟರ್ ದೂರವಿದ್ದಾಗ “ಬೀಸಿ” ಎನ್ನಿ. ನೊರೆ ಬಾಲಕ್ಕೆ ತಾಗುವ ಹೊತ್ತಿಗೆ ಅಂಗೈಯಿಂದ ಬಾಲವನ್ನು ತುಸು ಕೆಳಗೆ ಒತ್ತಿ, ಮೂಗು ಮೇಲೇಳುತ್ತದೆ, ಆ ಕ್ಷಣ ಮುಂದಕ್ಕೆ ನೂಕಿ ಬಿಟ್ಟುಬಿಡಿ. ನೂಕುವುದಕ್ಕಿಂತ ಬಿಡುವುದು ಕಷ್ಟ. ಹೊಸ ಇನ್‌ಸ್ಟ್ರಕ್ಟರುಗಳು ಬಾಲ ಹಿಡಿದುಕೊಂಡೇ ಓಡುತ್ತಾರೆ, ಬೋರ್ಡ್ ಓರೆಯಾಗಿ ಪಾಪ ಅವರು ಪಕ್ಕಕ್ಕೆ ಬೀಳುತ್ತಾರೆ. ಬಿಟ್ಟ ಮೇಲೆ ಬೋರ್ಡ್ ತಾನಾಗಿ ನೆಟ್ಟಗಾಗುತ್ತದೆ. ಒಂದು, ಎರಡು ಎಣಿಸಿ “ಒತ್ತಿ… ಏಳಿ!”

ಮೊದಲ ಹತ್ತು ಸಲ ಬೀಳುತ್ತಾರೆ. ಪ್ರತಿ ಸಲವೂ ಒಂದೇ ಒಂದು ತಪ್ಪು ಹೇಳಿ. “ಮಂಡಿ ಊರಿದ್ರಿ, ಮುಂದಿನ ಸಲ ಸೀದಾ ಪಾದ.” ಅಷ್ಟೇ ಸಾಕು. ಮೂರು ತಪ್ಪು ಒಟ್ಟಿಗೆ ಹೇಳಿದರೆ ಮೂರೂ ಮರೆತುಹೋಗುತ್ತವೆ. ನಡುಗುತ್ತಿರುವವರ ತುಟಿ ನೋಡಿ, ಕೈಯ ಬಿಗಿ ನೋಡಿ. ಸುಸ್ತಾದವರು ತಾವಾಗಿ ಹೇಳುವುದಿಲ್ಲ, ಅವರನ್ನು ನೀವೇ ದಡಕ್ಕೆ ಕರೆತಂದು ನೀರು ಕುಡಿಸಬೇಕು. ಹೆದರಿದವರನ್ನು ಬಲವಂತದಿಂದ ಎಂದೂ ನೂಕಬೇಡಿ. ಮೊಣಕಾಲುಮಟ್ಟದ ನೀರಿನಲ್ಲಿ ಮಲಗಿಕೊಂಡೇ ನೊರೆಯ ಮೇಲೆ ಜಾರಿದರೆ ಅವರಿಗೆ ಅವತ್ತಿನ ಮಟ್ಟಿಗೆ ಅದೇ ಸರ್ಫಿಂಗ್.

ತಲೆ ಎಣಿಸುವುದು

ನಾನು ಕಲಿಸಲು ಶುರುಮಾಡಿದ ಮೊದಲ ವರ್ಷ, ಒಂದು ಡಿಸೆಂಬರ್ ಬೆಳಿಗ್ಗೆ, ಒಬ್ಬರನ್ನು ನೂಕಿ ಅವರು ಮೊದಲ ಬಾರಿ ನಿಂತ ಸಂತೋಷದಲ್ಲಿ ಕೈ ಮೇಲೆತ್ತಿ ಕೂಗಿದೆ. ತಿರುಗಿ ಎಣಿಸಿದರೆ ಏಳು ತಲೆ. ಇರಬೇಕಾದದ್ದು ಎಂಟು. ಮತ್ತೆ ಎಣಿಸಿದೆ, ಏಳು. ಉಳಿದವರನ್ನೆಲ್ಲ ದಡಕ್ಕೆ ಕಳಿಸಿ, ಸಹಾಯಕ ಹುಡುಗನನ್ನು ರಕ್ಷಣೆಯ ಬೋರ್ಡಿನಲ್ಲಿ ಹೊರಗೆ ಕಳಿಸಿ, ನಾನು ನೊರೆಯೊಳಗೆ ಮುಳುಗಿ ಮುಳುಗಿ ಹುಡುಕಿದೆ. ನಾಲ್ಕೈದು ನಿಮಿಷ ಆಗಿರಬಹುದು. ಆ ಎಂಟನೆಯವರು ದಡದ ಗೂಡಂಗಡಿಯಲ್ಲಿ ಎಳನೀರು ಕುಡಿಯುತ್ತ ಕೂತಿದ್ದರು, ಹೇಳದೆ ಎದ್ದುಹೋಗಿದ್ದರು. ತಪ್ಪು ಅವರದ್ದಲ್ಲ. ಹೇಳಿ ಹೋಗಬೇಕೆಂದು ನಾನು ಮರಳಿನ ಮೇಲೆ ಹೇಳಿರಲಿಲ್ಲ. ಅವತ್ತು ಕೈ ನಡುಗಿದ್ದು ಮಧ್ಯಾಹ್ನದವರೆಗೂ ನಿಲ್ಲಲಿಲ್ಲ.

ಅಂದಿನಿಂದ ನನ್ನ ಪಾಠದಲ್ಲಿ ಬದಲಾಗದ ನಿಯಮಗಳಿವೆ. ನನಗೆ ಹೇಳದೆ ಯಾರೂ ನೀರು ಬಿಡುವಂತಿಲ್ಲ. ವಿದ್ಯಾರ್ಥಿಗಳೆಲ್ಲ ಒಂದೇ ಬಣ್ಣದ ಲೈಕ್ರಾ, ನಾವು ಬೇರೆ ಬಣ್ಣ. ದಡದಲ್ಲಿ ಎರಡು ಗುರುತು, ಒಂದು ಕಡೆ ಬಾವುಟ, ಇನ್ನೊಂದು ಕಡೆ ದೋಣಿಯೋ ಮರವೋ, ಅವೆರಡರ ನಡುವೆಯೇ ಎಲ್ಲರೂ. ಪ್ರತಿ ಬಾರಿ ನೂಕಿದ ಮೇಲೆ, ಅವರು ನಿಂತರೋ ಬಿದ್ದರೋ ನೋಡುವ ಮೊದಲು, ತಲೆ ಎಣಿಕೆ. ಕಷ್ಟವೆನಿಸುತ್ತದೆ, ಏಕೆಂದರೆ ನಿಂತದ್ದನ್ನು ನೋಡುವ ಆಸೆ ನಮಗೂ ಇರುತ್ತದೆ. ಎಣಿಸಿ ಮುಗಿಸಿ ತಿರುಗುವಷ್ಟರಲ್ಲಿ ಅವರು ಇನ್ನೂ ನಿಂತಿದ್ದರೆ ಆಗ ಚಪ್ಪಾಳೆ ಹೊಡೆಯಿರಿ.

ಕಡಲಿಗೆ ಬೆನ್ನು ಕೊಟ್ಟು ನಿಲ್ಲುವುದು, ಎಲ್ಲ ವಿದ್ಯಾರ್ಥಿಗಳೂ ಒಂದೇ ನೋಟಕ್ಕೆ ಸಿಗದ ಹಾಗೆ ನಿಲ್ಲುವುದು, ಎರಡೂ ತಪ್ಪು. ಓರೆಯಾಗಿ ನಿಂತು ಅಭ್ಯಾಸ ಮಾಡಿ: ಒಂದು ಭುಜ ದಡಕ್ಕೆ, ಒಂದು ಭುಜ ಕಡಲಿಗೆ.

ಕೈಮೀರಿದಾಗ

ನೀರಿನಿಂದ ಎತ್ತಿದವರು ಉಸಿರಾಡುತ್ತಿಲ್ಲವೆಂದರೆ 108ಕ್ಕೋ 112ಕ್ಕೋ ಕರೆ ಮಾಡಲು ಒಬ್ಬರ ಹೆಸರು ಹಿಡಿದು ಹೇಳಿ, “ಯಾರಾದರೂ ಫೋನ್ ಮಾಡಿ” ಎಂದರೆ ಯಾರೂ ಮಾಡುವುದಿಲ್ಲ. ಮುಳುಗಿದವರಿಗೆ ಬೇಕಾದದ್ದು ಮೊದಲು ಉಸಿರು. ಆದ್ದರಿಂದ ಬಾಯಿಂದ ಉಸಿರು ಕೊಟ್ಟು ಶುರುಮಾಡಿ, ಆಮೇಲೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, 5 ಸೆಂಟಿಮೀಟರಿಗೆ ಕಡಿಮೆಯಿಲ್ಲದ ಆಳಕ್ಕೆ ಎದೆ ಒತ್ತಬೇಕು, 30 ಒತ್ತು, 2 ಉಸಿರು. ಹೊಟ್ಟೆ ಒತ್ತಿ ನೀರು ತೆಗೆಯುವುದು, ತಲೆಕೆಳಗಾಗಿ ಹಿಡಿಯುವುದು ನಮ್ಮ ದಡಗಳಲ್ಲಿ ಇಂದಿಗೂ ನಡೆಯುತ್ತದೆ. ಅದರಿಂದ ಅಮೂಲ್ಯ ನಿಮಿಷಗಳು ಹೋಗುತ್ತವೆ, ಹಿರಿಯರೇ ಹೇಳಿದರೂ ನಮ್ರವಾಗಿ ತಡೆಯಿರಿ. ಇದನ್ನು ಓದಿ ಕಲಿಯಲಾಗದು. ಬೊಂಬೆಯ ಮೇಲೆ ಕೈಯಾರೆ ಮಾಡಿ ಕಲಿಯಿರಿ, ಪ್ರತಿ ವರ್ಷ ಮತ್ತೆ ಮಾಡಿ. ಉಳಿದುಕೊಂಡವರು ಚೆನ್ನಾಗಿಯೇ ಮಾತಾಡುತ್ತಿದ್ದರೂ, ನೀರು ಒಳಗೆ ಹೋಗಿ ಕೆಮ್ಮುತ್ತಿದ್ದರೆ ಆಸ್ಪತ್ರೆಗೆ ಕಳಿಸಲೇಬೇಕು.

ತಲೆ ಮರಳಿಗೆ ಬಡಿದು ಕುತ್ತಿಗೆ ನೋವು ಎಂದವರನ್ನು ಎಳೆದು ಎಬ್ಬಿಸಬೇಡಿ. ತಲೆ, ಕುತ್ತಿಗೆ ಅಲುಗದಂತೆ ಹಿಡಿದು ನೀರಿನಲ್ಲೇ ತೇಲಿಸಿಕೊಂಡು, ನಾಲ್ಕು ಜನ ಸೇರಿ ತನ್ನಿ. ತೊರಕೆ (ಸ್ಟಿಂಗ್‌ರೇ) ಮೀನಿನ ಮುಳ್ಳು ಚುಚ್ಚಿದರೆ, ಸುಡದಷ್ಟು, ಆದರೆ ತಡೆಯುವಷ್ಟು ಬಿಸಿಯ ನೀರಿನಲ್ಲಿ ಕಾಲಿಟ್ಟುಕೊಂಡರೆ ನೋವು ಇಳಿಯುತ್ತದೆ, ಮುಳ್ಳು ಒಳಗೆ ಉಳಿದಿದೆಯೇ ಎಂದು ವೈದ್ಯರು ನೋಡಬೇಕು. ಆಳವಿಲ್ಲದ ನೀರಿನಲ್ಲಿ ಕಾಲೆತ್ತಿ ಇಡದೆ ಎಳೆದುಕೊಂಡು ನಡೆಯಲು ಕಲಿಸಿದರೆ ತೊರಕೆ ತಾನೇ ದೂರ ಸರಿಯುತ್ತದೆ. ಜೆಲ್ಲಿಫಿಶ್ ತಾಗಿದ ಜಾಗವನ್ನು ಮರಳಿನಿಂದ ಉಜ್ಜಬೇಡಿ, ಕಡಲ ನೀರಿನಲ್ಲೇ ತೊಳೆಯಿರಿ.

ಸಂಬಳ, ವೀಸಾ, ಮಳೆಗಾಲ

“ತರಬೇತಿ ಉಚಿತ, ಬದಲಿಗೆ ಕೆಲಸ ಮಾಡಿ” ಎನ್ನುವ ಕ್ಯಾಂಪುಗಳಿವೆ. ಕೆಲವು ನಿಜಕ್ಕೂ ಒಳ್ಳೆಯವು. ಎಷ್ಟು ತಿಂಗಳು, ದಿನಕ್ಕೆ ಎಷ್ಟು ಗಂಟೆ, ಊಟ ವಸತಿ ಯಾರದ್ದು, ಗಾಯವಾದರೆ ಆಸ್ಪತ್ರೆ ಖರ್ಚು ಯಾರದ್ದು, ಕೋರ್ಸ್ ಶುಲ್ಕ ಯಾರು ಕಟ್ಟುತ್ತಾರೆ ಎಂಬ ಐದನ್ನೂ ಬರವಣಿಗೆಯಲ್ಲಿ ಪಡೆಯಿರಿ. ವಾಟ್ಸ್‌ಆ್ಯಪ್ ಸಂದೇಶವಾದರೂ ಸರಿ. ಬಾಲಿ, ಶ್ರೀಲಂಕಾಗಳಿಗೆ ಹೋಗುವವರು ನೆನಪಿಡಿ: ಪ್ರವಾಸಿ ವೀಸಾದಲ್ಲಿ ಕೆಲಸ ಮಾಡುವುದು ಕಾನೂನುಬಾಹಿರ, ಸಂಬಳ ಇಲ್ಲದಿದ್ದರೂ ತೊಂದರೆಗೆ ಸಿಕ್ಕಿಕೊಳ್ಳಬಹುದು. ಕೆಲಸದ ಪರವಾನಗಿ ಮಾಡಿಸಿಕೊಡುತ್ತೇವೆ ಎಂದವರಿಂದ ಅದು ಕೈಗೆ ಬಂದ ಮೇಲೆಯೇ ವಿಮಾನದ ಟಿಕೆಟ್ ತೆಗೆಯಿರಿ.

ನಿಮ್ಮ ಮೈಯನ್ನೂ ನೋಡಿಕೊಳ್ಳಿ. ದಿನಕ್ಕೆ ಐದಾರು ಗಂಟೆ ಬಿಸಿಲು, ಉಪ್ಪುನೀರು. ಮುಖಕ್ಕೆ ಜಿಂಕ್ ಇರುವ ಸನ್‌ಸ್ಕ್ರೀನ್, ಟೋಪಿ, ಪಾಠ ಮುಗಿದ ಮೇಲೆ ಕಿವಿ ಒಣಗಿಸಿಕೊಳ್ಳುವುದು, ಕಾಲಿನ ಸಣ್ಣ ಗಾಯವನ್ನೂ ತೊಳೆದು ಔಷಧಿ ಹಚ್ಚುವುದು. ಮೊದಲ ಸೀಸನ್‌ನಲ್ಲಿ ಇವನ್ನೆಲ್ಲ ಕಡೆಗಣಿಸಿದವರು ಎರಡನೆಯ ಸೀಸನ್‌ಗೆ ಬರುವುದಿಲ್ಲ.

ಜೂನ್‌ನಲ್ಲಿ ಕ್ಯಾಂಪ್ ಖಾಲಿಯಾದ ಮೇಲೆ ಕೆಲಸ ಇರುವುದಿಲ್ಲ ಎಂದುಕೊಳ್ಳಬೇಡಿ. ಒಡೆದ ಬೋರ್ಡುಗಳಿಗೆ ರೆಸಿನ್ ತುಂಬಿ ಉಜ್ಜುವುದು, ಹಳೆಯ ಲೀಶ್‌ಗಳನ್ನು ಎಳೆದು ನೋಡಿ ಸವೆದದ್ದನ್ನು ಎಸೆಯುವುದು, ಈಜುಕೊಳದ ಅಭ್ಯಾಸ, ಪ್ರಥಮ ಚಿಕಿತ್ಸೆಯ ಪತ್ರದ ನವೀಕರಣ ಎಲ್ಲ ಈ ನಾಲ್ಕು ತಿಂಗಳಲ್ಲಿ ಆಗಬೇಕು. ಇನ್ನೊಬ್ಬ ಇನ್‌ಸ್ಟ್ರಕ್ಟರ್ ಜೊತೆ ಕೂತು ಕಳೆದ ಸೀಸನ್‌ನ ನೋಟ್‌ಬುಕ್ ತೆರೆದು, ಯಾವ ದಿನ ಏನು ತಪ್ಪಾಯಿತು ಎಂದು ಮಾತಾಡಿ.

ಆ ನೋಟ್‌ಬುಕ್ಕಿನಲ್ಲಿ ಬೆಳಗಿನ ಕಡಲಿನ ಪಕ್ಕದಲ್ಲೇ ನಿಮ್ಮ 20 ಗಂಟೆಯ ಲೆಕ್ಕವನ್ನೂ ಬರೆಯಿರಿ: ತಾರೀಕು, ಎಷ್ಟು ಜನ, ಉಬ್ಬರವೋ ಇಳಿತವೋ, ಯಾರ ಕೈಕೆಳಗೆ ಪಾಠ ಮಾಡಿದಿರಿ, ಅವರ ಸಹಿ. ಪಾಠ ಮುಗಿದ ಕೂಡಲೇ, ಮೈ ಒಣಗುವ ಮೊದಲೇ ಬರೆಯಿರಿ. ಬೋರ್ಡುಗಳನ್ನು ಸಿಹಿನೀರಿನಲ್ಲಿ ತೊಳೆದು, ಬಿಸಿಲಿಗೆ ಮೈಯೊಡ್ಡದಂತೆ ನೆರಳಲ್ಲಿ ಮಗುಚಿ ಇಟ್ಟು, ಲೈಕ್ರಾಗಳನ್ನು ಹಗ್ಗಕ್ಕೆ ಹಾಕುವಾಗ ಒಂದೊಂದಾಗಿ ಎಣಿಸಿ. ಬೆಳಿಗ್ಗೆ ಎಂಟು ಕೊಟ್ಟಿದ್ದರೆ ಹಗ್ಗದ ಮೇಲೂ ಎಂಟು ಇರಬೇಕು.